ಕಾಕಾ ಕಳಿಸಿದ ನಕ್ಷೆ

ದೀಪಾವಳಿಗೆ ಎರಡು ವಾರ ಇರುವಾಗ ಊರಿನಿಂದ ಕಾಕಾ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದರು. ಕಲಬುರಗಿ ಹತ್ತಿರದ ನಮ್ಮೂರಿನ ರಸ್ತೆ ಬದಿಯ ಮೂರು ಎಕರೆ ಹೊಲ, ಬಿಳಿ ಹಾಳೆಯ ಮೇಲೆ ಸ್ಕೇಲ್ ಇಟ್ಟು ಎಳೆದ ಗೆರೆಗಳು, 1ರಿಂದ 78ರವರೆಗೆ ನಂಬರು. ಎಲ್ಲವೂ ಮೂವತ್ತು-ನಲವತ್ತರ ನಿವೇಶನ, ನಡುವೆ 20 ಅಡಿ ರಸ್ತೆ. ಕೆಳಗೆ ಒಂದು ಸಾಲು: ‘ಹೆಂಗದ ನೋಡಿ ಹೇಳು ತಮ್ಮಾ, ನೀ ಎಂಟೆಕ್ ಓದಿದಾಂವ.’

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಆದರೂ ಈ ನಕ್ಷೆ ನೋಡಿದ ತಕ್ಷಣ ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ಇಂಥದ್ದೇ ಒಂದು ನಕ್ಷೆಯನ್ನು ಹೈದರಾಬಾದಿನಲ್ಲಿ ನಾನು ದುಡ್ಡು ಕೊಟ್ಟು ಕೊಂಡಿದ್ದೆ.

ಅದು 2018. ಅಪ್ಪ ನಿವೃತ್ತರಾಗಿದ್ದರು, ಕೈಗೆ ಬಂದ ಹಣವನ್ನು ಮಗನಿರುವ ಊರಲ್ಲಿ ಜಾಗಕ್ಕೆ ಹಾಕೋಣ ಎಂದರು. ಇಲ್ಲಿ ಬಡಾವಣೆಗೆ ‘ವೆಂಚರ್’ ಅನ್ನುತ್ತಾರೆ. ಭಾನುವಾರ ಏಜೆಂಟರು ಕಾರಿನಲ್ಲಿ ಕರೆದೊಯ್ದು, ಬಿರಿಯಾನಿ ತಿನ್ನಿಸಿ, ಸುಣ್ಣ ಬಳಿದ ಕಲ್ಲುಗಳ ನಡುವೆ ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಲೆಕ್ಕವೆಲ್ಲ ಗಜದಲ್ಲಿ. ಒಂದು ಚದರ ಗಜ ಅಂದರೆ 9 ಚದರ ಅಡಿ, 121 ಗಜಕ್ಕೆ ಒಂದು ಗುಂಟೆ. ನಮ್ಮ ಮೂವತ್ತು-ನಲವತ್ತು ಇಲ್ಲಿ 133 ಗಜ. ನಾವು 200 ಗಜ ತೆಗೆದುಕೊಂಡೆವು. ‘ಪಂಚಾಯಿತಿ ಅಪ್ರೂವ್ಡ್’ ಎಂದು ಗುಂಡು ಮೊಹರಿನ ನಕ್ಷೆ ಕೊಟ್ಟರು. ನೋಂದಣಿಯೂ ಆಯಿತು. ನೋಂದಣಿ ಆಯಿತೆಂದರೆ ಎಲ್ಲ ಸರಿ ಇದೆ ಎಂದೇ ನಾನು ತಿಳಿದಿದ್ದೆ.

ಮನೆ ಕಟ್ಟಲು ಸಾಲ ಕೇಳಿದಾಗ ಬ್ಯಾಂಕಿನ ವಕೀಲರು ಒಂದೇ ಮಾತು ಕೇಳಿದರು: ‘ಎಲ್‌ಪಿ ನಂಬರ್ ಏನು?’

ಹೈದರಾಬಾದಿನ ಸುತ್ತ ಲೇಔಟ್ ಮಾಡಬೇಕಾದರೆ ಎಚ್‌ಎಂಡಿಎಗೆ ಮೊದಲು ಕರಡು ನಕ್ಷೆ ಕೊಡಬೇಕು. ಭೂಮಿಯ ದಾಖಲೆ, ಮಾಸ್ಟರ್‌ಪ್ಲಾನ್‌ನ ವಲಯ, ಹೋಗಿಬರುವ ರಸ್ತೆಯ ಅಗಲ, ಕೆರೆ-ಕಾಲುವೆ ಎಲ್ಲಿವೆ ಎಂಬುದನ್ನು ನೋಡಿದ ಮೇಲೆ ಡ್ರಾಫ್ಟ್ ಎಲ್‌ಪಿ ನಂಬರ್ ಸಿಗುತ್ತದೆ. ಅದು ಅನುಮೋದನೆಯ ಅರ್ಧ ದಾರಿ ಅಷ್ಟೇ. ಬಯಲು ಜಾಗಕ್ಕೆ ಶೇ. 10 ಬಿಡಬೇಕು. ಪ್ಲಾಟ್‌ಗಳಲ್ಲಿ ಶೇ. 15ರಷ್ಟು ಜಾಗವನ್ನು ಪ್ರಾಧಿಕಾರಕ್ಕೆ ಅಡವು ಇಡಬೇಕು. ರಸ್ತೆ, ಚರಂಡಿ, ನೀರು, ವಿದ್ಯುತ್ ಎಲ್ಲ ಮಾಡಿ ಮುಗಿಸಿದ ಮೇಲೆ ಅಂತಿಮ ಅನುಮೋದನೆ, ಆಗ ಅಡವು ಬಿಡುಗಡೆ. ಈ ಅಡವಿನ ಏರ್ಪಾಟು ನನಗೆ ಬಹಳ ಹಿಡಿಸಿತು. ಕೆಲಸ ಅರ್ಧಕ್ಕೆ ಬಿಟ್ಟು ಓಡಿದರೆ ಆ ಪ್ಲಾಟ್‌ಗಳನ್ನು ಮಾರಿಯಾದರೂ ರಸ್ತೆ ಹಾಕಿಸಬಹುದು. ಪಂಚಾಯಿತಿಯ ಮೊಹರಿನ ಹಿಂದೆ ಈ ಯಾವುದೂ ಇರಲಿಲ್ಲ. ಪ್ರಾಧಿಕಾರದ ತಾಂತ್ರಿಕ ಒಪ್ಪಿಗೆ ಇಲ್ಲದೆ ಪಂಚಾಯಿತಿಯೊಂದೇ ಲೇಔಟ್ ಮಂಜೂರು ಮಾಡುವಂತಿಲ್ಲ ಎಂಬುದು ಗೊತ್ತಾಗುವಷ್ಟರಲ್ಲಿ ಅಪ್ಪನ ಹಣ ನೆಲಕ್ಕೆ ಬಿದ್ದಾಗಿತ್ತು.

2020ರ ಆಗಸ್ಟ್‌ನಲ್ಲಿ ತೆಲಂಗಾಣ ಸರ್ಕಾರ ಇಂಥ ಪ್ಲಾಟ್‌ಗಳ ನೋಂದಣಿ ನಿಲ್ಲಿಸಿ ಎಲ್‌ಆರ್‌ಎಸ್ ಎಂಬ ಸಕ್ರಮ ಯೋಜನೆ ತಂದಿತು. ಪ್ಲಾಟ್ ಒಂದಕ್ಕೆ 1,000 ರೂಪಾಯಿ ಕಟ್ಟಿ ಅರ್ಜಿ ಹಾಕಿದೆ. ಲಕ್ಷಾಂತರ ಅರ್ಜಿಗಳು ಬಂದವು. ಸಕ್ರಮ ಶುಲ್ಕದ ಜೊತೆಗೆ, ಲೇಔಟ್‌ನಲ್ಲಿ ಶೇ. 10ರ ಬಯಲು ಬಿಡದಿದ್ದರೆ ಪ್ಲಾಟಿನ ಬೆಲೆಯ ಶೇ. 14ರಷ್ಟು ಬೇರೆ ಕಟ್ಟಬೇಕು. ಪಾರ್ಕ್ ನುಂಗಿದವನು ವೆಂಚರಿನವನು, ದಂಡ ನನಗೆ.

ಅದೇ ಅಕ್ಟೋಬರಿನಲ್ಲಿ ಹೈದರಾಬಾದಿಗೆ ಆ ಭೀಕರ ಮಳೆ ಬಂತು. ನೀರಿಳಿದ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗಿ ನೋಡಿದೆ. ನಮ್ಮ ಪ್ಲಾಟಿನ ಮುಂದಿನ ರಸ್ತೆ ರಸ್ತೆಯಾಗಿರಲಿಲ್ಲ, ಕಾಲುವೆಯಾಗಿತ್ತು. ಮೇಲಿನ ಕೆರೆ ತುಂಬಿದರೆ ನೀರು ಕೆಳಗಿನ ಕೆರೆಗೆ ಹೋಗುವ ಹಳೆಯ ದಾರಿ ಅದು. ವೆಂಚರಿನವರು ಮಣ್ಣು ಹಾಕಿ ಮುಚ್ಚಿ ಅದನ್ನೇ ಮೇನ್ ರೋಡ್ ಮಾಡಿದ್ದರು. ತೆಲಂಗಾಣದಲ್ಲಿ 10 ಹೆಕ್ಟೇರ್ ಮತ್ತು ಅದಕ್ಕೂ ದೊಡ್ಡ ಕೆರೆಯ ಅಂಚಿನಿಂದ 30 ಮೀಟರ್, ಅದಕ್ಕಿಂತ ಸಣ್ಣದಾದರೆ 9 ಮೀಟರ್ ಬಿಡಬೇಕೆಂಬ ನಿಯಮವಿದೆ. ಕರಡು ನಕ್ಷೆಯಲ್ಲಿ ಆ ಕಾಲುವೆಯ ಒಂದು ಗೆರೆ ಇದ್ದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತಿತ್ತು. ನಮ್ಮ ಎಲ್‌ಆರ್‌ಎಸ್ ಅರ್ಜಿ ಇವತ್ತಿಗೂ ಪರಿಶೀಲನೆಯಲ್ಲಿದೆ. ಅಪ್ಪ ಈಗ ಆ ಜಾಗದ ಸುದ್ದಿ ಎತ್ತುವುದಿಲ್ಲ. ಅವರು ಎತ್ತುವುದಿಲ್ಲ ಎಂಬುದೇ ನನಗೆ ಭಾರ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡೇ ಕಾಕಾನ ನಕ್ಷೆ ನೋಡಿದ್ದು. ದಿಶಾಂಕ್ ಆ್ಯಪ್ ತೆರೆದು ನಮ್ಮ ಸರ್ವೆ ನಂಬರ್ ಹಾಕಿದೆ. ಹೊಲದ ಮೂಡಣ ಬದಿಗೆ ಗ್ರಾಮ ನಕ್ಷೆಯ ಹಳ್ಳ ಕಾಣಿಸಿತು. ಕಾಕಾನ ಹಾಳೆಯಲ್ಲಿ ಅದರ ಮೇಲೆ 70ರಿಂದ 78ರವರೆಗಿನ ನಿವೇಶನಗಳು ಕುಳಿತಿದ್ದವು.

ಫೋನ್ ಮಾಡಿದೆ. ‘ಆ ಹಳ್ಳದಾಗ ನೀರು ಹರದು ಹತ್ತು ವರ್ಷಾತು ತಮ್ಮಾ’ ಎಂದರು. ‘ಊರಾಗ ಎಲ್ಲಾರೂ ಹಿಂಗೇ ಮಾಡ್ಯಾರ. ನಾಕು ಮಂದಿ ಅಡ್ವಾನ್ಸ್ ಕೊಟ್ಟಾರ.’ ತಲಾ 50 ಸಾವಿರ. ಮಾಘದಲ್ಲಿ ತಂಗಿಯ ಮದುವೆ.

ಹಬ್ಬಕ್ಕೆ ಊರಿಗೆ ಹೋದವನು ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಮೂರು ಎಕರೆ ಅಂದರೆ 1,30,680 ಚದರ ಅಡಿ. 78 ನಿವೇಶನಕ್ಕೆ 93,600 ಹೋದರೆ ಶೇ. 70ಕ್ಕಿಂತ ಹೆಚ್ಚು ಮಾರಿದಂತೆ, ಪಾರ್ಕಿಗೆ ಸೊನ್ನೆ. ನಿಯಮದಂತೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಮಾರಲು ಶೇ. 55 ಉಳಿಯಿತೆಂದು ಹಿಡಿದೆ. 59 ನಿವೇಶನ ಬಂತು. ಕಾಕಾ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡರು. ‘ಹತ್ತೊಂಬತ್ತು ಸೈಟು ಸರ್ಕಾರಕ್ಕ ದಾನ ಮಾಡ್ಲಾ?’

ಅವರ ಸಿಟ್ಟಿನಲ್ಲಿ ತಪ್ಪಿಲ್ಲ. ನೂರು ಎಕರೆ ಲೇಔಟ್ ಮಾಡುವ ಕಂಪನಿಗೆ ಈ ನಿಯಮ ಖರ್ಚಿನ ಒಂದು ಬಾಬತ್ತು. ಮೂರು ಎಕರೆಯ ರೈತನಿಗೆ ಅದು ಮಗಳ ಮದುವೆ. ಸರ್ವೆ, ಭೂಪರಿವರ್ತನೆ, ನಕ್ಷೆ, ಶುಲ್ಕ, ಪ್ರತಿ ಮೇಜಿಗೂ ಕೈಯಿಂದ ಹಣ ಹಾಕಬೇಕು, ಮಾರಾಟದ ಹಣ ಬರುವುದು ಕೊನೆಗೆ. ಅದಕ್ಕೇ ಇಂಥವರು ಏಜೆಂಟರ ಕೈಗೆ ಬೀಳುತ್ತಾರೆ. ಸಣ್ಣ ಹಿಡುವಳಿಯವರ ಲೇಔಟಿಗೆ ಶುಲ್ಕವನ್ನಾದರೂ ಕಂತಿನಲ್ಲಿ ತೆಗೆದುಕೊಳ್ಳಬೇಕು ಎಂಬುದು ನನ್ನ ಅನಿಸಿಕೆ.

ಆದರೆ ಹಳ್ಳದ ವಿಷಯದಲ್ಲಿ ನಾನು ಬಿಡಲಿಲ್ಲ. ಹೈದರಾಬಾದಿನ ಆ ದಿನದ ಫೋಟೊ ಫೋನಿನಲ್ಲಿತ್ತು, ಮೊಣಕಾಲುದ್ದ ನೀರಲ್ಲಿ ಅಪ್ಪ ನಿಂತದ್ದು. ಅದನ್ನು ತೋರಿಸಿದೆ. ಕಾಕಾ ಬಹಳ ಹೊತ್ತು ನೋಡಿದರು. ಅಣ್ಣನಿಗೆ ಹೀಗಾದದ್ದು ಅವರಿಗೆ ಗೊತ್ತೇ ಇರಲಿಲ್ಲ. ಅಪ್ಪ ಯಾರಿಗೂ ಹೇಳಿರಲಿಲ್ಲ.

ಆಮೇಲೆ ಕೆಲಸ ಸರಿಯಾದ ಕ್ರಮದಲ್ಲಿ ಶುರುವಾಯಿತು. ಮೊದಲು ಅಳತೆ ಮಾಡಿಸಿ ಹದ್ದುಬಸ್ತು. 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಡಿ ಪರಿವರ್ತನೆಗೆ ಅರ್ಜಿ. ಅದಾದ ಮೇಲೆ ಯೋಜನಾ ಪ್ರಾಧಿಕಾರಕ್ಕೆ ಬಡಾವಣೆ ನಕ್ಷೆ. ಈ ಮೊದಲ ನಕ್ಷೆಯಲ್ಲಿ ಏನೇನಿರಬೇಕು ಎಂದು ಎಂಜಿನಿಯರ್ ಹೇಳುವಾಗ ಕಾಕಾ ಬೆರಗಾದರು: ಸುತ್ತಲಿನ ಸರ್ವೆ ನಂಬರುಗಳು, ನೆಲದ ಏರಿಳಿತ, ಬಾವಿ, ಬಂಡಿದಾರಿ, ಮೇಲೆ ಹಾದುಹೋದ ವಿದ್ಯುತ್ ತಂತಿ, ಚರಂಡಿ ಎತ್ತ ಹರಿಯುತ್ತದೆ, ಪಕ್ಕದ ಹೊಲದವನು ನಾಳೆ ಲೇಔಟ್ ಮಾಡಿದರೆ ರಸ್ತೆ ಹೇಗೆ ಕೂಡುತ್ತದೆ. ಜಾಗ 500 ಚದರ ಮೀಟರ್ ಮೀರಿರುವುದರಿಂದ ರೇರಾ ನೋಂದಣಿಯೂ ಬೇಕು. ಅದಕ್ಕೆ ಮುಂಚೆ ಅಡ್ವಾನ್ಸ್ ತೆಗೆದುಕೊಳ್ಳುವಂತಿಲ್ಲ.

ಅಡ್ವಾನ್ಸ್ ಎರಡು ಲಕ್ಷದಲ್ಲಿ ಒಂದೂವರೆ ನಾನು ಕೊಟ್ಟೆ, ಉಳಿದದ್ದನ್ನು ಕಾಕಾ ತೊಗರಿ ಮಾರಿ ಹೊಂದಿಸಿದರು. ಮದುವೆ ಚಿಕ್ಕದಾಗಿಯೇ ಆಯಿತು. ಮೂರು ಮಂದಿ ಹಣ ತೆಗೆದುಕೊಂಡು ಹೋದರು. ನಾಲ್ಕನೆಯವನು, ಟಂಟಂ ಓಡಿಸುವ ಹುಡುಗ, ಹಣ ಬೇಡ, ಸೈಟೇ ಬೇಕು ಎಂದು ಬಾಗಿಲಲ್ಲಿ ಕೂತ. ಅವನಿಗೆ ಸಿಟ್ಟು ಬಂದಿತ್ತು. ‘ಅನುಮೋದನೆ ಆದಮ್ಯಾಲ ರೇಟ್ ಏರಸ್ತೀರಿ’ ಎಂದ. ಅವನ ಮಾತು ಸುಳ್ಳಲ್ಲ. ನಿವೇಶನ ಕಡಿಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತದೆ, ಸಕ್ರಮ ಬಡಾವಣೆ ಅವನಂಥವನ ಕೈಗೆ ಎಟುಕುವುದಿಲ್ಲ. ಅವನಿಗೆ ಏನು ಹೇಳಬೇಕೋ ನನಗೆ ತೋಚಲಿಲ್ಲ. ಹಣ ಅಂದು ತೆಗೆದುಕೊಂಡು ಹೋಗಲಿಲ್ಲ, ಮಾರನೇ ವಾರ ಬಂದು ಒಯ್ದನಂತೆ.

ಹಳ್ಳದ ಎರಡೂ ಬದಿ ಬಿಟ್ಟ ಮೇಲೆ ನಿವೇಶನ 54ಕ್ಕೆ ಇಳಿಯಿತು. ಪಾರ್ಕನ್ನು ಹಳ್ಳಕ್ಕೆ ಹೊಂದಿಸಿ ಇಟ್ಟಿದ್ದಾರೆ. ಪರಿವರ್ತನೆ ಆದೇಶ ಬಂದಿದೆ, ಕಡತ ಪ್ರಾಧಿಕಾರದಲ್ಲಿದೆ. ಮೊನ್ನೆ ಕಾಕಾ ಫೋನ್ ಮಾಡಿ ಕೇಳಿದ್ದು ಒಂದೇ: ಹುಣಸಿ ಮರ ಪಾರ್ಕಿನ್ಯಾಗ ಬರ್ತದೋ, ರಸ್ತೆದಾಗ ಬರ್ತದೋ? ನಕ್ಷೆ ಹಿಗ್ಗಿಸಿ ನೋಡಿದೆ. ರಸ್ತೆಗೆ ನಾಲ್ಕು ಅಡಿ ಹೊರಗಿದೆ.