ಮುಖ ಹೊಂದಲಿಲ್ಲ ಅಂದ್ರೆ ತಪ್ಪು ಯಾರದು?

ಎಐ ಅಂದ ಕೂಡಲೇ ಕಣ್ಮುಂದೆ ಬರೋದು ಬೆಂಗಳೂರಿನ ಐಟಿ ಕಂಪನಿಗಳು. 2025ರ ಜುಲೈನಲ್ಲಿ ಟಿಸಿಎಸ್ 12 ಸಾವಿರಕ್ಕೂ ಹೆಚ್ಚು ಹುದ್ದೆ ಕಡಿತ ಪ್ರಕಟಿಸಿದಾಗ ದೇಶವೇ ಮಾತಾಡಿತು. ಅದೇ ಜುಲೈ 1ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಮುಖ ಹೊಂದಿದ ಮೇಲೇ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಕೊಡಬೇಕು ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ಅಂದ್ರೆ ರಾಯಚೂರು ಜಿಲ್ಲೆಯ ಕವಿತಾಳದ ಅಂಗನವಾಡಿ ಬಾಗಿಲಿಗೂ ಎಐ ಬಂತು. ಅದರ ಬಗ್ಗೆ ಮಾತಾಡಿದವರೆಷ್ಟು ಮಂದಿ?

ಈ ಯಂತ್ರಕ್ಕೆ ಮುಖದ ಪರಿಚಯ ಇರೋದಿಲ್ಲ, ಲೆಕ್ಕ ಗೊತ್ತು ಅಷ್ಟೇ. ಮುಖವನ್ನು ಅಂಕಿಗಳಾಗಿಸಿ, ಮೊದಲೇ ದಾಖಲಾದ ಅಂಕಿಗಳಿಗೆ ಎಷ್ಟು ಹತ್ತಿರ ಅಂತ ನೋಡುತ್ತೆ. ಬೆಳಕು ಕಡಿಮೆಯಾದ್ರೆ, ಕ್ಯಾಮೆರಾ ಮಸುಕಾದ್ರೆ ಲೆಕ್ಕ ತಪ್ಪುತ್ತೆ. ಆಗ ಎದುರಿಗೆ ನಿಂತ ತಾಯಿಗೆ ಉತ್ತರ ಕೊಡಬೇಕಾದವರು ಟೀಚರಮ್ಮ. ಮೇಲಧಿಕಾರಿಗೂ ಅವರೇ ಉತ್ತರ ಕೊಡಬೇಕು. ಅದೂ ಸಂಬಳಕ್ಕಲ್ಲ, ಗೌರವಧನಕ್ಕೆ.

ನಾಯಕತ್ವದ ಪರೀಕ್ಷೆ ಇಲ್ಲೇ ಇದೆ. ಸೂಪರ್‌ವೈಸರ್, ಸಿಡಿಪಿಒ ಮೊದಲು ಕೇಳಬೇಕಾದ್ದು "ಎಷ್ಟು ಪರ್ಸೆಂಟ್ ಆಯ್ತು" ಅಂತಲ್ಲ, "ಎಲ್ಲಿ ನಿಂತಿತು, ಯಾಕೆ ನಿಂತಿತು" ಅಂತ. ಮುಖ ಹೊಂದದ ದಿನ ರಿಜಿಸ್ಟರ್‌ನಲ್ಲಿ ಸಹಿ ಹಾಕಿಸಿ ಆಹಾರ ಕೊಡುವ ಅಧಿಕಾರ ಟೀಚರಮ್ಮನಿಗೆ ಇರಲಿ. ತಾಯಿಯನ್ನು ದಿನಾ ನೋಡುವವರು ಅವರು, ಆ್ಯಪ್ ಅಲ್ಲ. ಯಂತ್ರ ತಪ್ಪಿದ್ದಕ್ಕೆ ಮನುಷ್ಯರಿಗೆ ನೋಟಿಸ್ ಕೊಟ್ಟರೆ ಅದನ್ನು ಸುಧಾರಣೆ ಅನ್ನೋಕಾಗಲ್ಲ.