ಹೆಸರು ಯಾರ ಆಸ್ತಿ? – ಕೊರಿಯಾದ ಗಾಯನ ತಂಡವೊಂದರ ಪುನರಾಗಮನ ಕಲಿಸುವ ಪಾಠ

ಪಾಲುದಾರಿಕೆ ಸಂಸ್ಥೆಯೊಂದು ಒಡೆದಾಗ ಮಳಿಗೆ, ದಾಸ್ತಾನು, ಬರಬೇಕಾದ ಬಾಕಿ ಇವುಗಳ ಹಂಚಿಕೆ ಹೇಗೋ ಮುಗಿಯುತ್ತದೆ. ಬಹುಕಾಲ ಮುಗಿಯದೆ ಉಳಿಯುವುದು, ನಾಮಫಲಕದ ಮೇಲಿನ ಹೆಸರು ಯಾರಿಗೆ ಸೇರಬೇಕೆಂಬ ಪ್ರಶ್ನೆ. ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುವ ಪ್ರಸಂಗವೊಂದು ದಕ್ಷಿಣ ಕೊರಿಯಾದ ಸಂಗೀತೋದ್ಯಮದಲ್ಲಿ ನಡೆದಿದೆ. 'ಶಿನ್ಹ್ವಾ' ಎಂಬ ಆರು ಮಂದಿಯ ಗಾಯನ ತಂಡವು ನಾಲ್ಕು ವರ್ಷಗಳ ಮೌನದ ನಂತರ 2012ರ ಮಾರ್ಚ್ ತಿಂಗಳಲ್ಲಿ 'ವೀನಸ್' ಎಂಬ ಹಾಡಿನೊಂದಿಗೆ ವೇದಿಕೆಗೆ ಮರಳಿತು. ಹಾಡಿದವರು ಅದೇ ಆರು ಮಂದಿ. ಕಾದು ಕುಳಿತಿದ್ದವರು ಅವರದೇ ಅಭಿಮಾನಿಗಳು. ಆದರೆ ತಂಡದ ಹೆಸರು ಮಾತ್ರ ಕಾನೂನಿನ ದೃಷ್ಟಿಯಲ್ಲಿ ಅವರದಾಗಿರಲಿಲ್ಲ.

ಉದ್ಯಮದ ವ್ಯವಸ್ಥೆ

ಕೊರಿಯಾದಲ್ಲಿ ಗಾಯನ ತಂಡಗಳು ಸಾಮಾನ್ಯವಾಗಿ ಗೆಳೆಯರು ಕೂಡಿ ಕಟ್ಟಿಕೊಂಡವುಗಳಲ್ಲ. ನಿರ್ವಹಣಾ ಸಂಸ್ಥೆಯು ಹದಿಹರೆಯದವರನ್ನು ಆಯ್ದು, ತನ್ನ ವೆಚ್ಚದಲ್ಲಿ ವರ್ಷಗಟ್ಟಲೆ ತರಬೇತಿ ನೀಡಿ, ತಂಡವಾಗಿ ರೂಪಿಸಿ ಮಾರುಕಟ್ಟೆಗೆ ತರುತ್ತದೆ. ಬಂಡವಾಳ ಹೂಡಿದ ಸಂಸ್ಥೆಯೇ ತಂಡದ ಹೆಸರನ್ನೂ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸಿಕೊಳ್ಳುವುದು ವಾಡಿಕೆ. ಅಲ್ಲಿ ಪ್ರತಿಯೊಂದು ಹೊಸ ಹಾಡಿನ ಬಿಡುಗಡೆಯನ್ನೂ, ನಡುವಣ ಅಂತರ ಕೆಲವೇ ತಿಂಗಳದ್ದಾಗಿದ್ದರೂ, 'ಕಮ್‌ಬ್ಯಾಕ್' ಎಂದೇ ಕರೆಯುತ್ತಾರೆ. ನಾಲ್ಕು ವರ್ಷಗಳ ನಂತರದ ಪುನರಾಗಮನ ಇಂತಹ ಮಾರುಕಟ್ಟೆಯಲ್ಲಿ ಅಪರೂಪದ ಸಂಗತಿ.

ಕಲಾವಿದರೊಂದಿಗಿನ ಕರಾರಿನ ಅವಧಿ ಬಹಳ ದೀರ್ಘವಾಗಿರುತ್ತದೆಂಬ ದೂರುಗಳ ಹಿನ್ನೆಲೆಯಲ್ಲಿ ಕೊರಿಯಾದ ನ್ಯಾಯಸಮ್ಮತ ವ್ಯಾಪಾರ ಆಯೋಗವು 2009ರಲ್ಲಿ ಮಾದರಿ ಕರಾರು ಪತ್ರವನ್ನು ರೂಪಿಸಿ, ಏಳು ವರ್ಷಗಳ ಮಿತಿಯನ್ನು ಸೂಚಿಸಿತು. ಇಲ್ಲಿ ಒಂದು ಅಸಮತೋಲನವನ್ನು ಗಮನಿಸಬೇಕು. ಕಲಾವಿದನ ಕರಾರು ಏಳು ವರ್ಷಕ್ಕೆ ಮುಗಿಯಬಹುದು. ಆದರೆ ಟ್ರೇಡ್‌ಮಾರ್ಕ್ ನೋಂದಣಿಯ ಅವಧಿ ಹತ್ತು ವರ್ಷ. ಶುಲ್ಕ ಕಟ್ಟಿ ಮತ್ತೆ ಮತ್ತೆ ನವೀಕರಿಸಿಕೊಳ್ಳಬಹುದು. ವ್ಯಕ್ತಿಗಳು ಹೊರನಡೆದ ಮೇಲೂ ಹೆಸರು ಸಂಸ್ಥೆಯಲ್ಲಿಯೇ ಉಳಿಯುತ್ತದೆ.

ಶಿನ್ಹ್ವಾ ಪ್ರಕರಣ

1998ರ ಮಾರ್ಚ್‌ನಲ್ಲಿ ಎಸ್.ಎಂ. ಎಂಟರ್‌ಟೈನ್‌ಮೆಂಟ್ ಸಂಸ್ಥೆಯು ಈ ತಂಡವನ್ನು ಪರಿಚಯಿಸಿತು. 2003ರಲ್ಲಿ ಕರಾರು ಮುಗಿದಾಗ ಆರೂ ಮಂದಿ ಒಟ್ಟಾಗಿ ಬೇರೊಂದು ಸಂಸ್ಥೆಗೆ ತೆರಳಿದರು. ಅಂದಿನಿಂದಲೇ ಹೆಸರಿನ ವಿವಾದ ಆರಂಭವಾಯಿತು. ಮುಂದೆ ಹೆಸರಿನ ಹಕ್ಕು ಎಸ್.ಎಂ. ಸಂಸ್ಥೆಯಿಂದ ಹೊರಬಂದಿತಾದರೂ ಸದಸ್ಯರ ಕೈ ಸೇರಲಿಲ್ಲ. ಮತ್ತೊಂದು ಸಂಸ್ಥೆಯ ಸ್ವತ್ತಾಯಿತು.

2008ರಲ್ಲಿ ಹತ್ತನೆಯ ವರ್ಷಾಚರಣೆ ಮುಗಿಸಿದ ತಂಡವು ಚಟುವಟಿಕೆಯನ್ನು ನಿಲ್ಲಿಸಿತು. ಕೊರಿಯಾದಲ್ಲಿ ಪುರುಷರಿಗೆ ಕಡ್ಡಾಯವಾಗಿರುವ ಸೇನಾ ಸೇವೆ ಅಥವಾ ಅದರ ಬದಲಿಗೆ ಸಲ್ಲಿಸುವ ಸಾರ್ವಜನಿಕ ಸೇವೆಗೆ ಸದಸ್ಯರು ಒಬ್ಬರ ಹಿಂದೊಬ್ಬರಂತೆ ಹೋಗಬೇಕಾಗಿದ್ದುದೇ ಇದಕ್ಕೆ ಮುಖ್ಯ ಕಾರಣ. ಮರಳುವ ಸಮಯ ಸಮೀಪಿಸಿದಾಗ, 2011ರಲ್ಲಿ, ಸದಸ್ಯರು 'ಶಿನ್ಹ್ವಾ ಕಂಪನಿ' ಎಂಬ ಸ್ವಂತ ಸಂಸ್ಥೆಯನ್ನು ಸ್ಥಾಪಿಸಿದರು. ಸದಸ್ಯರಾದ ಎರಿಕ್ ಮತ್ತು ಲೀ ಮಿನ್-ವೂ ಅದರ ನೇತೃತ್ವ ವಹಿಸಿದರು. ದುಡಿಮೆಗಾರರೇ ಮಾಲೀಕರೂ ಆದರು.

2012ರ ಮಾರ್ಚ್ 23ರಂದು 'ದಿ ರಿಟರ್ನ್' ಎಂಬ ಹತ್ತನೆಯ ಗೀತ ಸಂಪುಟ ಹೊರಬಂದಿತು. 'ವೀನಸ್' ಅದರ ಮುಖ್ಯ ಹಾಡು. ಮರುದಿನದಿಂದಲೇ ಸಿಯೋಲ್ ನಗರದ ಒಲಿಂಪಿಕ್ ಜಿಮ್ನಾಸ್ಟಿಕ್ಸ್ ಕ್ರೀಡಾಂಗಣದಲ್ಲಿ ಎರಡು ದಿನಗಳ ಸಂಗೀತ ಕಾರ್ಯಕ್ರಮ ನಡೆಯಿತು. ಹದಿಹರೆಯದಲ್ಲಿ ವೇದಿಕೆ ಏರಿದ್ದವರು ಈಗ ಮೂವತ್ತು ದಾಟಿದ್ದರು. ಅಭಿಮಾನಿಗಳೂ ಅವರೊಂದಿಗೇ ಬೆಳೆದಿದ್ದರು. ಆದರೆ ತಮ್ಮದೇ ಹೆಸರನ್ನು ಬಳಸಲು ಹಕ್ಕುದಾರ ಸಂಸ್ಥೆಯೊಡನೆ ಕರಾರು ಮಾಡಿಕೊಳ್ಳಬೇಕಾಯಿತು. ಅದರಡಿ ಸಲ್ಲಬೇಕಾದ ಪ್ರತಿಫಲದ ಕುರಿತು ವ್ಯಾಜ್ಯವೂ ಹುಟ್ಟಿತು. ಅಂತಿಮವಾಗಿ 2015ರ ಮೇ ತಿಂಗಳಿನಲ್ಲಿ ಹೆಸರಿನ ಹಕ್ಕು ಶಿನ್ಹ್ವಾ ಕಂಪನಿಗೆ ವರ್ಗವಾಯಿತು. 2003ರಿಂದ ಲೆಕ್ಕ ಹಾಕಿದರೆ ಹನ್ನೆರಡು ವರ್ಷ. ಹಾಡು ಮರಳಿದ ಮೇಲೆಯೂ ಮೂರು ವರ್ಷ.

ಇನ್ನೆರಡು ನಿದರ್ಶನಗಳು

'ಬೀಸ್ಟ್' ತಂಡದ ಐವರು 2016ರಲ್ಲಿ ತಮ್ಮ ಸಂಸ್ಥೆಯಿಂದ ಹೊರಬಂದಾಗ ಹೆಸರನ್ನು ಅಲ್ಲಿಯೇ ಬಿಡಬೇಕಾಯಿತು. 2017ರಲ್ಲಿ 'ಹೈಲೈಟ್' ಎಂಬ ಹೊಸ ಹೆಸರಿನಲ್ಲಿ ಅವರು ಮತ್ತೆ ಮೊದಲಿನಿಂದ ಆರಂಭಿಸಿದರು. ಹಳೆಯ ಹೆಸರನ್ನು ಬಳಸಲು ಒಪ್ಪಂದವೇರ್ಪಟ್ಟದ್ದು 2024ರಲ್ಲಿ. ಇದಕ್ಕೆ ವ್ಯತಿರಿಕ್ತವಾದುದು 'ಗಾಟ್ ಸೆವೆನ್' ತಂಡದ ಕಥೆ. 2021ರ ಜನವರಿಯಲ್ಲಿ ಏಳೂ ಸದಸ್ಯರು ಜೆ.ವೈ.ಪಿ. ಸಂಸ್ಥೆಯನ್ನು ತೊರೆದಾಗ ಹೆಸರಿನ ಹಕ್ಕನ್ನು ಸೌಹಾರ್ದದಿಂದಲೇ ಅವರಿಗೆ ಬಿಟ್ಟುಕೊಡಲಾಯಿತು. ಸದಸ್ಯರು ಬೇರೆ ಬೇರೆ ಸಂಸ್ಥೆಗಳಿಗೆ ಚದುರಿದರೂ, 2022ರ ಮೇ ತಿಂಗಳಲ್ಲಿ 'ನನನ' ಎಂಬ ಹಾಡಿನೊಂದಿಗೆ ಅದೇ ಹೆಸರಿನಲ್ಲಿ ಒಂದಾಗಿ ಮರಳಿದರು.

ಲೆಕ್ಕಪತ್ರದ ದೃಷ್ಟಿ

ಸಂಸ್ಥೆಯು ತಾನೇ ಬೆಳೆಸಿದ ಹೆಸರನ್ನು ಅಢಾವೆ ಪತ್ರಿಕೆಯಲ್ಲಿ ಆಸ್ತಿಯೆಂದು ತೋರಿಸಲು ಲೆಕ್ಕಪತ್ರ ಮಾನಕಗಳು ಅವಕಾಶ ನೀಡುವುದಿಲ್ಲ. ಅದರ ವೆಚ್ಚವನ್ನು ಖಚಿತವಾಗಿ ಬೇರ್ಪಡಿಸಿ ಅಳೆಯಲಾಗದೆಂಬುದೇ ಕಾರಣ. ಅದೇ ಹೆಸರನ್ನು ಮತ್ತೊಬ್ಬರು ಹಣ ಕೊಟ್ಟು ಪಡೆದರೆ, ಕೊಟ್ಟ ಬೆಲೆಗೆ ಅದು ಅವರ ಪುಸ್ತಕದಲ್ಲಿ ಅಮೂರ್ತ ಆಸ್ತಿಯಾಗುತ್ತದೆ. ಹೀಗಾಗಿ ಬೆಳೆಸಿದವನ ಪುಸ್ತಕದಲ್ಲಿ ಶೂನ್ಯವಾಗಿದ್ದದ್ದು ಕೊಂಡವನ ಪುಸ್ತಕದಲ್ಲಿ ಮೊತ್ತವಾಗಿ ಕಾಣುತ್ತದೆ. ಪುಸ್ತಕದಲ್ಲಿ ಕಾಣದ ಆಸ್ತಿಯ ಬಗ್ಗೆ ಮಾಲೀಕನೂ ಎಚ್ಚರ ವಹಿಸುವುದಿಲ್ಲ. ಅದರ ಬೆಲೆ ತಿಳಿಯುವುದು ಕೈತಪ್ಪಿದ ದಿನ.

ನಮ್ಮ ದೇಶದ ಕಾನೂನಿನಲ್ಲಿಯೂ ಇದಕ್ಕೆ ನೇರ ಸಂಬಂಧವಿದೆ. 1932ರ ಪಾಲುದಾರಿಕೆ ಕಾಯಿದೆಯ 14ನೆಯ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಗುಡ್‌ವಿಲ್ ಸಂಸ್ಥೆಯ ಸ್ವತ್ತು. ಯಾವನೇ ಒಬ್ಬ ಪಾಲುದಾರನದಲ್ಲ. 1999ರ ಟ್ರೇಡ್‌ಮಾರ್ಕ್ ಕಾಯಿದೆಯಡಿ ನೋಂದಣಿಯ ಅವಧಿ ಹತ್ತು ವರ್ಷ, ನವೀಕರಣಕ್ಕೆ ಅವಕಾಶವಿದೆ. ಅಣ್ಣತಮ್ಮಂದಿರು ಕೂಡಿ ನಡೆಸುವ ಅಂಗಡಿಯ ಹೆಸರು ಒಬ್ಬನ ವೈಯಕ್ತಿಕ ಹೆಸರಿನಲ್ಲಿ ನೋಂದಣಿಯಾಗಿದ್ದರೆ, ಬೇರ್ಪಡುವ ದಿನ ಶಿನ್ಹ್ವಾ ಸದಸ್ಯರಿಗೆ ಎದುರಾದ ಪ್ರಶ್ನೆಯೇ ಉಳಿದವರಿಗೂ ಎದುರಾಗುತ್ತದೆ.

ಆದುದರಿಂದ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಬೇಕು, ನವೀಕರಣದ ಹೊಣೆ ಯಾರದು, ಪಾಲುದಾರನು ನಿವೃತ್ತನಾದರೆ ಅಥವಾ ಸಂಸ್ಥೆ ವಿಸರ್ಜನೆಯಾದರೆ ಹೆಸರು ಯಾರಿಗೆ, ಯಾವ ಬೆಲೆಗೆ ಸಲ್ಲಬೇಕು ಎಂಬ ಅಂಶಗಳನ್ನು ಪಾಲುದಾರಿಕೆ ಪತ್ರದಲ್ಲಿ ಆರಂಭದಲ್ಲಿಯೇ ಬರೆದಿಡುವುದು ಕ್ಷೇಮ. ಸ್ನೇಹ ಚೆನ್ನಾಗಿರುವಾಗ ಇದಕ್ಕೆ ಬೇಕಾಗುವುದು ಒಂದು ಪುಟ. ಬರೆಯದೆ ಬಿಟ್ಟ ಆ ಒಂದು ಪುಟಕ್ಕಾಗಿಯೇ ಆರು ಮಂದಿ ಗಾಯಕರು ಹನ್ನೆರಡು ವರ್ಷ ಕಾಯಬೇಕಾಯಿತು.