ಹರೆಯದ ಮಕ್ಕಳು ಮತ್ತು ಮನೆಯ ಅನುಭವ ಮಂಟಪ

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗುವ ದಿನ ನಮ್ಮ ಮನೆಗಳಲ್ಲಿ ಮಕ್ಕಳೊಡನೆ ತಂದೆತಾಯಿಗಳಿಗೂ ಪರೀಕ್ಷೆಯೇ ಸರಿ. ಅಂಕಗಳು ಕಡಿಮೆಯಾದ ಮಗನೋ ಮಗಳೋ ತಲೆತಗ್ಗಿಸಿ ಎದುರು ನಿಂತಾಗ ನಮ್ಮ ಬಾಯಿಂದ ಹೊರಡುವ ಮೊದಲ ಮಾತು ಯಾವುದು? "ಮನೆತನದ ಮಾನ ಕಳೆದೆ" ಎಂದೇ? "ಬಾ, ಕುಳಿತುಕೊ, ಎಲ್ಲಿ ತೊಡಕಾಯಿತು ಹೇಳು" ಎಂದೇ? ನೆರೆಮನೆಯ ಹುಡುಗನ ಅಂಕಗಳನ್ನು ಎತ್ತಿ ಆಡಿ, ಮಕ್ಕಳ ಮುಖ ಬಾಡಿದ್ದನ್ನು ನಾವೆಲ್ಲರೂ ಕಂಡವರೇ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಡಯಾನಾ ಬೌಮ್ರಿಂಡ್ 1966ರಲ್ಲಿ ಪಾಲನೆಯ ಮೂರು ಬಗೆಗಳನ್ನು ವಿವರಿಸಿದರು. ಕಾರಣ ಹೇಳದೆ ಆಜ್ಞಾಪಿಸುವುದು ಮೊದಲನೆಯದು. ಕೇಳಿದ್ದಕ್ಕೆಲ್ಲ ಒಪ್ಪಿಬಿಡುವುದು ಎರಡನೆಯದು. ನಿಯಮವನ್ನು ಸಡಿಲಿಸದೆ, ಅದರ ಕಾರಣವನ್ನು ತಿಳಿಸಿ, ಮಗುವಿನ ಮಾತಿಗೂ ಕಿವಿಗೊಡುವುದು ಮೂರನೆಯದು. 1987ರಲ್ಲಿ ಡಾರ್ನ್‌ಬುಷ್ ಮತ್ತು ಸಂಗಡಿಗರು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಿನ 7,000ಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳ ಅಧ್ಯಯನವನ್ನು ಪ್ರಕಟಿಸಿದರು. ಒಟ್ಟಾರೆ ನೋಡಿದಾಗ ಮೂರನೆಯ ಬಗೆಯ ಮನೆಗಳ ಮಕ್ಕಳು ಓದಿನಲ್ಲಿ ಮುಂದಿದ್ದರು. ಏಷ್ಯಾ ಮೂಲದ ಕುಟುಂಬಗಳಲ್ಲಿ ಮಾತ್ರ ಈ ಸಂಬಂಧ ಅಷ್ಟು ಸ್ಪಷ್ಟವಾಗಿರಲಿಲ್ಲ. ಆದುದರಿಂದ ಪರದೇಶದ ಅಳತೆಗೋಲನ್ನು ಹಾಗೆಯೇ ನಮ್ಮ ಮನೆಗೆ ತರಬೇಕಾಗಿಲ್ಲ. ಆದರೆ ಆ ಮೂರನೆಯ ದಾರಿ ನಮ್ಮ ಪರಂಪರೆಗೆ ಹೊಸದೇನೂ ಅಲ್ಲ.

ಶೂನ್ಯಸಂಪಾದನೆಯು ನಿರೂಪಿಸುವಂತೆ, ಕಲ್ಯಾಣಕ್ಕೆ ಬಂದ ತರುಣಿ ಮಹಾದೇವಿಯನ್ನು ಅಲ್ಲಮಪ್ರಭುಗಳು ಕಠಿಣ ಪ್ರಶ್ನೆಗಳಿಂದ ಪರೀಕ್ಷಿಸಿದರು. ಪ್ರಶ್ನೆಯಲ್ಲಿ ರಿಯಾಯಿತಿ ಇರಲಿಲ್ಲ. ಆದರೆ ಆಕೆಯ ಉತ್ತರವನ್ನು ಪೂರ್ತಿಯಾಗಿ ಆಲಿಸಿದರು. ವಯಸ್ಸಿನಲ್ಲಿ ಹಿರಿಯರಾದ ಶರಣರೂ ಆಕೆಯನ್ನು 'ಅಕ್ಕ' ಎಂದು ಗೌರವಿಸಿದರು. ಕಿರಿಯ ವಯಸ್ಸಿನ ಚೆನ್ನಬಸವಣ್ಣನವರ ಜ್ಞಾನಕ್ಕೂ ಹಿರಿಯರು ತಲೆಬಾಗಿದರು. ಬಿಗಿಯೂ ಗೌರವವೂ ಅಲ್ಲಿ ಒಟ್ಟಿಗೆ ಇದ್ದವು.

ಸಾಧನೆಯ ಹಂಬಲವನ್ನು ಬೆಳೆಸುವ ಹೊಗಳಿಕೆ ಯಾವುದು ಎಂಬುದೂ ವಿಚಾರಾರ್ಹ. 1998ರಲ್ಲಿ ಮುಲ್ಲರ್ ಮತ್ತು ಡ್ವೆಕ್ ಪ್ರಕಟಿಸಿದ ಪ್ರಯೋಗಗಳಲ್ಲಿ, "ನೀನು ಬುದ್ಧಿವಂತ" ಎನಿಸಿಕೊಂಡ ಮಕ್ಕಳು ಮುಂದೆ ಕಠಿಣ ಸಮಸ್ಯೆಗಳಲ್ಲಿ ಸೋತಾಗ ಬೇಗ ಕುಗ್ಗಿದರು. ಶ್ರಮಕ್ಕಾಗಿ ಮೆಚ್ಚುಗೆ ಪಡೆದವರು ಪ್ರಯತ್ನವನ್ನು ಮುಂದುವರಿಸಿದರು. ಕಾಯಕವನ್ನು ಗೌರವಿಸುವ ನಮಗೆ ಇದರ ಮರ್ಮ ತಿಳಿಯದೆ ಇರದು. ವಿದ್ಯಾರ್ಥಿಗೆ ಓದೇ ಕಾಯಕ. ಬಂದ ಅಂಕಕ್ಕಿಂತ ಮೊದಲು ಪಟ್ಟ ಶ್ರಮವನ್ನು ಗುರುತಿಸೋಣ. ಶ್ರಮವೇ ಕಡಿಮೆಯಾಗಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ, ಹಂಗಿಸದೆ ಹೇಳೋಣ.

ಸಂಜೆಯ ಲಿಂಗಪೂಜೆಯ ಬಳಿಕ ಹದಿನೈದು ನಿಮಿಷ ಮನೆಮಂದಿ ಒಟ್ಟಿಗೆ ಕುಳಿತುಕೊಳ್ಳೋಣ. ಮೊಬೈಲು ಎಷ್ಟು ಹೊತ್ತು, ಮಲಗುವುದು ಎಷ್ಟಕ್ಕೆ, ಮುಂದೆ ಯಾವ ವಿಷಯದ ಓದು ಎಂಬುದನ್ನು ಮಕ್ಕಳ ಅಭಿಪ್ರಾಯ ಕೇಳಿ ನಿರ್ಧರಿಸೋಣ. ನಿರ್ಧರಿಸಿದ ನಿಯಮವನ್ನು ಹಿರಿಯರೂ ಪಾಲಿಸೋಣ.

ಅನುತ್ತೀರ್ಣರಾದವರಿಗೆ ಅದೇ ವರ್ಷ ಮತ್ತೊಮ್ಮೆ ಪರೀಕ್ಷೆ ಬರೆಯುವ ಅವಕಾಶವನ್ನು ಸರಕಾರವೇ ಕಲ್ಪಿಸಿದೆ. ಹೆತ್ತವರಾದ ನಾವು ಅಷ್ಟನ್ನಾದರೂ ಕೊಡಬೇಡವೇ?